ರಾತ್ರಿಯ ಆಕಾಶ, ಉಲ್ಕೆಗಳು ಮತ್ತು ಒಂದು ಸಾಧಾರಣ ಕ್ಯಾಮೆರಾ

(ಸಂಸ್ಥೆಯ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಭಾಷಾ ಶಿಕ್ಷಕಿಗೆ ಆಕಾಶದ ಫೋಟೋ ತೆಗೆಯುವ ವಿಷಯ ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ಮಕ್ಕಳ ಜೊತೆ ರಾತ್ರಿಯ ಆಕಾಶ ನೋಡುವ, ಸಾಧ್ಯವಾದಾಗ ಅದರ ಚಿತ್ರ ತೆಗೆಯುವ ಕೆಲಸ ನಡೆಸಿಕೊಂಡು ಬಂದಿದ್ದೇವೆ. ಇದನ್ನು ಯಾರು ಬೇಕಾದರೂ ಕಲಿಯಬಹುದು ಎಂಬ ಅನುಭವದ ಬಲದಿಂದ ಮಾತ್ರ ಇಲ್ಲಿ ನಿಂತಿದ್ದೇನೆ. ಮೊದಲು ಉಲ್ಕೆ ಎಂದರೇನು, ನಂತರ ಅದರ ಚಿತ್ರ ತೆಗೆಯುವುದು ಹೇಗೆ, ಕೊನೆಗೆ ಸಂಸ್ಥೆಯ ಹಿರಿಯರಲ್ಲಿ ಒಂದು ಕೋರಿಕೆ. ಇಷ್ಟೇ ನನ್ನ ಮಾತು.

ಬೀಳುವುದು ನಕ್ಷತ್ರವಲ್ಲ

ಉಲ್ಕೆಗೆ ಉರ್ದುವಿನಲ್ಲಿ ‘ಶಹಾಬ್-ಎ-ಸಾಖಿಬ್’ ಎನ್ನುತ್ತೇವೆ. ಮನೆಮಾತಿನಲ್ಲಿ ‘ತಾರಾ ಟೂಟಾ’ ಎನ್ನುತ್ತೇವೆ. ಕನ್ನಡದಲ್ಲಿ ‘ಚುಕ್ಕಿ ಬಿತ್ತು’ ಎನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ಬೀಳುವುದು ನಕ್ಷತ್ರವಲ್ಲ. ನಮ್ಮ ಸೂರ್ಯನೂ ಒಂದು ನಕ್ಷತ್ರ. ಅಂಥದ್ದೊಂದು ಬಂದು ಬಿದ್ದರೆ ನೋಡಲು ನಾವಿರುವುದಿಲ್ಲ. ನಾವು ನೋಡುವ ಹೆಚ್ಚಿನ ಉಲ್ಕೆಗಳು ಮರಳಿನ ಕಾಳಿನಷ್ಟು, ಹೆಚ್ಚೆಂದರೆ ಸಣ್ಣ ಬೆಣಚುಕಲ್ಲಿನಷ್ಟು ದೊಡ್ಡವು. ಧೂಮಕೇತುಗಳು ಸೂರ್ಯನ ಹತ್ತಿರ ಬಂದಾಗ ಇಂಥ ಧೂಳನ್ನು ದಾರಿಯುದ್ದಕ್ಕೂ ಚೆಲ್ಲಿ ಹೋಗುತ್ತವೆ. ಭೂಮಿ ತನ್ನ ವಾರ್ಷಿಕ ಪಯಣದಲ್ಲಿ ಆ ಧೂಳಿನ ದಾರಿಯನ್ನು ದಾಟುವಾಗ ಕಣಗಳು ನಮ್ಮ ವಾತಾವರಣಕ್ಕೆ ನುಗ್ಗುತ್ತವೆ. ಸುಮಾರು 80ರಿಂದ 120 ಕಿಲೋಮೀಟರ್ ಎತ್ತರದಲ್ಲಿ ಕಾದು, ಆವಿಯಾಗಿ, ಬೆಳಗಿ ಮುಗಿದುಹೋಗುತ್ತವೆ.

ಅವುಗಳ ವೇಗ ಊಹೆಗೂ ಮೀರಿದ್ದು. ಡಿಸೆಂಬರಿನಲ್ಲಿ ಬರುವ ಜೆಮಿನಿಡ್ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿಲೋಮೀಟರ್ ವೇಗದವು. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಸೆಕೆಂಡು ಸಾಕು. ಆಗಸ್ಟಿನ ಪರ್ಸೀಡ್‌ಗಳದು ಸುಮಾರು 59, ನವೆಂಬರಿನ ಲಿಯೊನಿಡ್‌ಗಳದು ಸುಮಾರು 71 ಕಿಲೋಮೀಟರ್. ಇಷ್ಟು ವೇಗ ಇರುವುದರಿಂದಲೇ ಮರಳಿನ ಕಾಳೊಂದು ನೂರು ಕಿಲೋಮೀಟರ್ ದೂರದಿಂದಲೂ ಕಣ್ಣಿಗೆ ಕಾಣುತ್ತದೆ.

ಚುಕ್ಕಿ ಬಿದ್ದರೆ ಎಲ್ಲೋ ಒಬ್ಬರು ತೀರಿಕೊಂಡರು ಎಂದು ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. ಪ್ರವಾದಿಯವರ (ಸ) ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಜನ ಎರಡನ್ನೂ ಜೋಡಿಸಿ ಮಾತನಾಡತೊಡಗಿದರು. ತಮ್ಮ ದುಃಖದ ನಡುವೆಯೂ ಪ್ರವಾದಿಯವರು ಆ ತಪ್ಪು ಭಾವನೆಯನ್ನು ತಿದ್ದಿದ ಪ್ರಸಂಗ ನಿಮಗೆಲ್ಲ ಗೊತ್ತು. ಗ್ರಹಣಕ್ಕೆ ಅನ್ವಯಿಸುವುದು ಉಲ್ಕೆಗೂ ಅನ್ವಯಿಸುತ್ತದೆ. ಆದ್ದರಿಂದ ಮಕ್ಕಳೇ, ಉಲ್ಕೆ ಕಂಡರೆ ಕಣ್ಣು ಮುಚ್ಚಬೇಡಿ. ಗಡಿಯಾರ ನೋಡಿ, ಸಮಯ ಬರೆದುಕೊಳ್ಳಿ.

ಬರೆದಿಡುವ ಗುಣ ನಮ್ಮ ಹಿರಿಯರಲ್ಲಿ ಇತ್ತು

1621ರ ಏಪ್ರಿಲ್ ತಿಂಗಳಲ್ಲಿ ಜಾಲಂಧರ್ ಪರಗಣೆಯ ಒಂದು ಹಳ್ಳಿಯಲ್ಲಿ ಭಾರಿ ಸದ್ದಿನೊಂದಿಗೆ ಆಕಾಶದಿಂದ ಬೆಳಕಿನ ಮುದ್ದೆಯೊಂದು ಬಿತ್ತು. ಅಲ್ಲಿಯ ಅಧಿಕಾರಿ ಮುಹಮ್ಮದ್ ಸಯೀದ್ ಸ್ಥಳಕ್ಕೆ ಹೋಗಿ, ಸುಟ್ಟ ನೆಲವನ್ನು ಅಗೆಸಿದರು. ಒಳಗೆ ಇನ್ನೂ ಬಿಸಿಯಾಗಿದ್ದ ಕಬ್ಬಿಣದ ಗಟ್ಟಿ ಸಿಕ್ಕಿತು. ಅದನ್ನು ಚಕ್ರವರ್ತಿ ಜಹಾಂಗೀರನಿಗೆ ಕಳಿಸಿಕೊಟ್ಟರು. ಜಹಾಂಗೀರ್ ಅದನ್ನು ತೂಗಿಸಿದ, ಉಸ್ತಾದ್ ದಾವೂದ್ ಎಂಬ ಕುಶಲಕರ್ಮಿಯನ್ನು ಕರೆಸಿದ. ಬರೀ ಆ ಕಬ್ಬಿಣ ಸುತ್ತಿಗೆ ಏಟಿಗೆ ಒಡೆಯುತ್ತಿತ್ತು. ಹೀಗಾಗಿ ಅದರ ಮೂರು ಪಾಲಿಗೆ ಸಾಮಾನ್ಯ ಕಬ್ಬಿಣ ಒಂದು ಪಾಲು ಬೆರೆಸಿ ಕತ್ತಿಗಳನ್ನೂ ಚೂರಿಯನ್ನೂ ಮಾಡಿಸಿದ. ಇದೆಲ್ಲ ಅವನ ಆತ್ಮಚರಿತ್ರೆ ‘ತುಝುಕ್-ಎ-ಜಹಾಂಗೀರಿ’ಯಲ್ಲಿ ದಾಖಲಾಗಿದೆ. ಆ ಚೂರಿ ಇಂದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ.

ಈ ಘಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚೂರಿಯಲ್ಲ. ಯಾವಾಗ ಬಿತ್ತು, ಎಲ್ಲಿ ಬಿತ್ತು, ಯಾರು ಅಗೆದರು, ಎಷ್ಟು ತೂಕವಿತ್ತು, ಎಲ್ಲವನ್ನೂ ಬರೆದಿಟ್ಟರು. ಅದಕ್ಕೇ ನಾಲ್ಕು ಶತಮಾನಗಳ ನಂತರವೂ ನಾವು ಅದನ್ನು ನಂಬುತ್ತೇವೆ. ಆಕಾಶದ ಚಿತ್ರ ತೆಗೆಯುವುದು ಎಂದರೆ ಇದೇ ಕೆಲಸವನ್ನು ಕ್ಯಾಮೆರಾದಿಂದ ಮಾಡುವುದು.

ಉಲ್ಕೆಯ ಮೊದಲ ಛಾಯಾಚಿತ್ರ ತೆಗೆದವರು ಪ್ರಾಗ್ ನಗರದ ಲಾಡಿಸ್ಲಾಸ್ ವೈನೆಕ್, 1885ರ ನವೆಂಬರ್ 27ರಂದು. ನಮ್ಮ ಕಡೆಗೇ ಬನ್ನಿ. ಹೈದರಾಬಾದಿನಲ್ಲಿ ನವಾಬ್ ಝಫರ್ ಜಂಗ್ ಆರಂಭಿಸಿದ ನಿಜಾಮಿಯಾ ವೀಕ್ಷಣಾಲಯವು ಇಡೀ ಆಕಾಶದ ಫೋಟೋ ನಕ್ಷೆ ತಯಾರಿಸುವ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಪಾಲ್ಗೊಂಡಿತ್ತು. ತನ್ನ ಪಾಲಿಗೆ ಬಂದ ಆಕಾಶದ ಪಟ್ಟಿಯನ್ನು ಗಾಜಿನ ಫಲಕಗಳ ಮೇಲೆ ಸೆರೆಹಿಡಿದು, ಲಕ್ಷಾಂತರ ನಕ್ಷತ್ರಗಳ ಸ್ಥಾನ ಅಳೆದು ಸಂಪುಟಗಳಾಗಿ ಪ್ರಕಟಿಸಿತು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ನಿಜಾಮ್ ರಾಜ್ಯದ ಭಾಗಗಳು. ಅದೇ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಮಗ ವೇಣು ಬಾಪು ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಓದಿ ಹಾರ್ವರ್ಡಿಗೆ ಹೋದರು. 1949ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ತಾವು ತೆಗೆದ ಆಕಾಶದ ಫೋಟೋ ಫಲಕದಲ್ಲಿ ಹೊಸ ಧೂಮಕೇತು ಕಂಡುಹಿಡಿದರು. ಕಾವಲೂರಿನ ವೀಕ್ಷಣಾಲಯಕ್ಕೆ ಇಂದು ಅವರದೇ ಹೆಸರು. ಆಕಾಶದ ಫೋಟೋ ಅಂದರೆ ಅಂದಕ್ಕೆ ಮಾತ್ರ ಎಂದು ತಿಳಿಯಬಾರದು ಎಂದು ಇದನ್ನು ಹೇಳಿದೆ.

ಯಾವ ರಾತ್ರಿ, ಯಾವ ಹೊತ್ತು?

ಈಗ ನಮ್ಮ ಕೆಲಸಕ್ಕೆ ಬರೋಣ. ಕ್ಯಾಮೆರಾಗಿಂತ ಮೊದಲು ಬೇಕಾದದ್ದು ಕತ್ತಲೆ. ಕತ್ತಲೆಯನ್ನು ಲೆಕ್ಕ ಹಾಕಲು ಬೇಕಾದ ಎರಡು ಸಾಧನಗಳು ನಮ್ಮ ಮನೆಗಳ ಗೋಡೆಯ ಮೇಲೇ ತೂಗಾಡುತ್ತಿವೆ.

ಒಂದು, ಹಿಜರಿ ಕ್ಯಾಲೆಂಡರ್. ಹುಣ್ಣಿಮೆಯ ಬೆಳಕಿನಲ್ಲಿ ಮಂದ ಉಲ್ಕೆಗಳು ಕಾಣುವುದಿಲ್ಲ. ಹಿಜರಿ ತಿಂಗಳ 14ರ ಆಸುಪಾಸಿನಲ್ಲಿ ಚಂದ್ರ ರಾತ್ರಿಯಿಡೀ ಇರುತ್ತಾನೆ. ಆ ದಿನಗಳನ್ನು ಬಿಡಿ. 7ನೇ ಚಾಂದಿನ ಹೊತ್ತಿಗೆ ಚಂದ್ರ ಸುಮಾರು ಮಧ್ಯರಾತ್ರಿಗೆ ಮುಳುಗುತ್ತಾನೆ. 21-22ನೇ ಚಾಂದಿನಲ್ಲಿ ಸುಮಾರು ಮಧ್ಯರಾತ್ರಿಗೆ ಹುಟ್ಟುತ್ತಾನೆ. ತಿಂಗಳ ಕೊನೆಯ ಮೂರು ನಾಲ್ಕು ದಿನ ಮತ್ತು ಮೊದಲ ನಾಲ್ಕೈದು ದಿನ ನಮಗೆ ಅತ್ಯುತ್ತಮ.

ಎರಡು, ನಮಾಝಿನ ವೇಳಾಪಟ್ಟಿ. ಸೂರ್ಯ ಮುಳುಗಿದ ತಕ್ಷಣ ಪೂರ್ಣ ಕತ್ತಲಾಗುವುದಿಲ್ಲ. ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಾಗ ಸಂಧ್ಯಾಪ್ರಕಾಶ ಮುಗಿಯಿತು ಎಂದು ಖಗೋಳ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಹಲವು ವೇಳಾಪಟ್ಟಿಗಳು ಇಶಾ ಮತ್ತು ಫಜರ್ ಸಮಯಕ್ಕೆ ಇದೇ 18 ಡಿಗ್ರಿಯನ್ನು ಹಿಡಿಯುತ್ತವೆ. ಅಂದರೆ ಇಶಾ ಸಮಯ ಆರಂಭವಾದಾಗ ನಕ್ಷತ್ರಗಳ ಫೋಟೋ ತೆಗೆಯಲು ತಕ್ಕ ಕತ್ತಲೆ ಆರಂಭ, ಫಜರ್ ಸಮಯ ಆರಂಭವಾದಾಗ ಅದು ಮುಕ್ತಾಯ. ಇದಕ್ಕಾಗಿ ಬೇರೆ ಪುಸ್ತಕ ಹುಡುಕಬೇಕಿಲ್ಲ.

ರಾತ್ರಿಯಲ್ಲೂ ಮಧ್ಯರಾತ್ರಿಯ ನಂತರ ಹೆಚ್ಚು ಉಲ್ಕೆಗಳು ಕಾಣುತ್ತವೆ. ಕಾರಣ ಸರಳ. ಮಳೆಯಲ್ಲಿ ಸ್ಕೂಟರ್ ಓಡಿಸಿದರೆ ಎದೆಯ ಭಾಗ ಹೆಚ್ಚು ನೆನೆಯುತ್ತದೆ, ಬೆನ್ನು ಕಡಿಮೆ. ಭೂಮಿ ಸೂರ್ಯನ ಸುತ್ತ ಓಡುವಾಗ ಮಧ್ಯರಾತ್ರಿಯ ನಂತರ ನಾವು ಅದರ ಎದೆಯ ಭಾಗಕ್ಕೆ ಬಂದಿರುತ್ತೇವೆ. ಬೆಳಗಿನ ಜಾವದ ಎಚ್ಚರ ನಮಗೆ ಹೊಸದಲ್ಲ. ತಹಜ್ಜುದ್‌ಗೆ, ಸಹರಿಗೆ ಏಳುವ ಮನೆಗಳು ನಮ್ಮವು. ಹತ್ತು ನಿಮಿಷ ಮೊದಲೇ ಎದ್ದು ಒಮ್ಮೆ ಮೇಲೆ ನೋಡಿದರೆ ಸಾಕು.

ವರ್ಷದಲ್ಲಿ ನೆನಪಿಡಬೇಕಾದ ಉಲ್ಕಾವರ್ಷಗಳು ಕೆಲವೇ. ಏಪ್ರಿಲ್ 22ರ ಸುಮಾರಿಗೆ ಲಿರಿಡ್. ಮೇ 5-6ರ ಬೆಳಗಿನ ಜಾವ ಈಟಾ ಅಕ್ವೇರಿಡ್, ಅಕ್ಟೋಬರ್ 21ರ ಸುಮಾರಿಗೆ ಒರಿಯೊನಿಡ್. ಇವೆರಡೂ ಹ್ಯಾಲಿ ಧೂಮಕೇತುವಿನ ಧೂಳು. ಆಗಸ್ಟ್ 12-13ರ ಪರ್ಸೀಡ್ ಜಗತ್ಪ್ರಸಿದ್ಧ, ಆದರೆ ಆಗ ನಮಗೆ ಮಳೆಗಾಲದ ಮೋಡ. ಕರ್ನಾಟಕಕ್ಕೆ ಒಗ್ಗುವುದು ಡಿಸೆಂಬರ್ 13ರ ರಾತ್ರಿಯಿಂದ 14ರ ನಸುಕಿನವರೆಗಿನ ಜೆಮಿನಿಡ್. ಆಕಾಶ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಅವು ಹೊರಟಂತೆ ಕಾಣುವ ಮಿಥುನ ರಾಶಿ ರಾತ್ರಿ ಎರಡರ ಸುಮಾರಿಗೆ ನಮ್ಮ ನೆತ್ತಿಯ ಹತ್ತಿರಕ್ಕೆ ಬರುತ್ತದೆ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕಲ್ಲಿನ ಕಾಯ ಇವುಗಳ ಮೂಲ. ಆದರ್ಶ ಕತ್ತಲಿನಲ್ಲಿ ಗಂಟೆಗೆ 120ರಿಂದ 150 ಎಂದು ಲೆಕ್ಕ ಹೇಳುತ್ತಾರೆ. ನಮ್ಮೂರಿನ ದೀಪಗಳ ನಡುವೆ ಅದರ ಒಂದು ಪಾಲು ಸಿಕ್ಕರೂ ಸಂತೋಷಪಡಬೇಕು. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ಕ್ಕೆ. ಹೀಗಾಗಿ ಆ ವರ್ಷದ 13ರ ರಾತ್ರಿ ಚಂದ್ರ ಮಧ್ಯರಾತ್ರಿಗೆ ಮೊದಲೇ ಮುಳುಗಿರುತ್ತಾನೆ.

ಏನೇನು ಬೇಕು?

ಕ್ಯಾಮೆರಾದ ಹೆಸರು, ಬೆಲೆ ಎರಡನ್ನೂ ಸದ್ಯಕ್ಕೆ ಮರೆಯಿರಿ. ಬೇಕಾದ ಗುಣಗಳು ಮೂರು. ಶಟರನ್ನು ಹತ್ತಿಪ್ಪತ್ತು ಸೆಕೆಂಡು ತೆರೆದಿಡಲು ಬರಬೇಕು, ಫೋಕಸ್ಸನ್ನು ಕೈಯಿಂದ ಹೊಂದಿಸಲು ಬರಬೇಕು, ಅಲುಗಾಡದೆ ನಿಲ್ಲಿಸಲು ಬರಬೇಕು. ಮದುವೆ ಫೋಟೋ ತೆಗೆಯುವವರ ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬರುವ 18-55 ಮಿಲಿಮೀಟರ್ ಲೆನ್ಸ್ ಧಾರಾಳವಾಗಿ ಸಾಕು. ಇಂದಿನ ಹಲವು ಮೊಬೈಲ್‌ಗಳಲ್ಲಿ ‘ಪ್ರೊ’ ಎಂಬ ಆಯ್ಕೆ ಇದೆ, ಅದರಲ್ಲೂ ಶಟರಿನ ಸಮಯ ಹೆಚ್ಚಿಸಬಹುದು. ಟ್ರೈಪಾಡ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಸಣ್ಣ ಚೀಲದಲ್ಲಿ ಜೋಳ ತುಂಬಿ ಅದರ ಮೇಲೆ ಕ್ಯಾಮೆರಾವನ್ನು ಆಕಾಶಕ್ಕೆ ಮುಖಮಾಡಿ ಕೂರಿಸಿ. ಮೊಬೈಲಾದರೆ ಎರಡು ಇಟ್ಟಿಗೆಗಳ ನಡುವೆ ಆನಿಸಿಡಿ.

ಇನ್ನು ಹೊಂದಾಣಿಕೆ. ನಿಧಾನವಾಗಿ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಿ.

ಮೊದಲನೆಯದು, ಕ್ಯಾಮೆರಾವನ್ನು ‘ಎಂ’ ಅಂದರೆ ಮ್ಯಾನುಯಲ್‌ಗೆ ತಿರುಗಿಸಿ. ಲೆನ್ಸನ್ನು ಅತ್ಯಂತ ಅಗಲ ನೋಟಕ್ಕೆ, ಅಂದರೆ 18 ಮಿಲಿಮೀಟರಿಗೆ ಇಡಿ. ಆಕಾಶ ಹೆಚ್ಚು ಸಿಕ್ಕಷ್ಟೂ ಉಲ್ಕೆ ಸಿಗುವ ಅವಕಾಶ ಹೆಚ್ಚು.

ಎರಡನೆಯದು, ಅಪರ್ಚರ್. ಲೆನ್ಸ್ ಎಷ್ಟು ತೆರೆಯಬಲ್ಲುದೋ ಅಷ್ಟು ತೆರೆಯಿರಿ. ಇಂಥ ಲೆನ್ಸಿನಲ್ಲಿ ಅದು ಎಫ್ 3.5. ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.

ಮೂರನೆಯದು, ಐಎಸ್‌ಒ. 1600ರಿಂದ ಶುರು ಮಾಡಿ, ಕತ್ತಲು ಚೆನ್ನಾಗಿದ್ದರೆ 3200ಕ್ಕೆ ಏರಿಸಿ. ಚಿತ್ರ ಹಗಲಿನಂತೆ ಬೆಳ್ಳಗಾದರೆ ಇಳಿಸಿ.

ನಾಲ್ಕನೆಯದು, ಸಮಯ. ಭೂಮಿ ತಿರುಗುತ್ತಿರುವುದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಚುಕ್ಕಿಯಾಗುವ ಬದಲು ಗೆರೆಯಾಗುತ್ತವೆ. ಇದಕ್ಕೆ ಒಂದು ಅಂದಾಜಿನ ಸೂತ್ರವಿದೆ. ಲೆನ್ಸಿನ ಅಳತೆಯನ್ನು ಕ್ಯಾಮೆರಾದ ಸಂವೇದಕಕ್ಕೆ ತಕ್ಕ ಅಂಕಿಯಿಂದ ಗುಣಿಸಿ, ಬಂದದ್ದರಿಂದ 500ನ್ನು ಭಾಗಿಸಬೇಕು. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳಿಗೆ ಆ ಅಂಕಿ ಸುಮಾರು 1.5. ಹದಿನೆಂಟನ್ನು ಒಂದೂವರೆಯಿಂದ ಗುಣಿಸಿದರೆ 27. ಐನೂರನ್ನು 27ರಿಂದ ಭಾಗಿಸಿದರೆ ಹದಿನೆಂಟೂವರೆ. ನಾವು 15 ಸೆಕೆಂಡು ಇಡೋಣ, ಮೂರೂವರೆ ಸೆಕೆಂಡು ಉಳಿತಾಯವಿರಲಿ.

ಐದನೆಯದು, ಫೋಕಸ್. ಹೊಸಬರ ಚಿತ್ರ ಹೆಚ್ಚಾಗಿ ಕೆಡುವುದು ಇಲ್ಲಿಯೇ. ಕತ್ತಲಲ್ಲಿ ತಾನಾಗಿ ಫೋಕಸ್ ಆಗುವುದಿಲ್ಲ. ಅದನ್ನು ಕೈ ಹೊಂದಾಣಿಕೆಗೆ ಬದಲಿಸಿ. ಪರದೆಯ ಮೇಲೆ ಒಂದು ಪ್ರಕಾಶಮಾನ ನಕ್ಷತ್ರವನ್ನು ದೊಡ್ಡದು ಮಾಡಿ ನೋಡುತ್ತಾ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ಉಂಗುರ ತಿರುಗಿಸಿ. ನಂತರ ಉಂಗುರಕ್ಕೆ ಒಂದು ತುಂಡು ಟೇಪ್ ಅಂಟಿಸಿಬಿಡಿ.

ಆರನೆಯದು, ಚಿತ್ರಗಳನ್ನು ‘ರಾ’ ರೂಪದಲ್ಲಿ ಉಳಿಸಿ. ಲೆನ್ಸಿನ ಕಂಪನ ನಿಯಂತ್ರಣ ಆರಿಸಿ. ದೀರ್ಘ ಎಕ್ಸ್‌ಪೋಶರಿನ ‘ನಾಯ್ಸ್ ರಿಡಕ್ಷನ್’ ಕೂಡ ಆರಿಸಿ. ಇಲ್ಲದಿದ್ದರೆ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕ್ಯಾಮೆರಾ ಸುಮ್ಮನೆ ಕುಳಿತಿರುತ್ತದೆ, ಉಲ್ಕೆ ಆಗಲೇ ಹಾದುಹೋಗುತ್ತದೆ.

ಇನ್ನು ಕ್ಯಾಮೆರಾವನ್ನು ನಿರಂತರ ಚಿತ್ರ ತೆಗೆಯುವ ಸ್ಥಿತಿಗೆ ತಂದು, ತಂತಿಯ ರಿಮೋಟಿನ ಗುಂಡಿಯನ್ನು ಒತ್ತಿ ಸಿಕ್ಕಿಸಿಬಿಡಿ. ಹದಿನೈದು ಸೆಕೆಂಡಿಗೊಂದರಂತೆ ಗಂಟೆಗೆ ಸುಮಾರು 240 ಚಿತ್ರಗಳು. ಮೂರು ಗಂಟೆ ನಡೆಸಿದರೆ 700 ದಾಟುತ್ತವೆ. ಕಾರ್ಡಿನಲ್ಲಿ ಜಾಗ, ಕೈಯಲ್ಲಿ ಇನ್ನೊಂದು ಬ್ಯಾಟರಿ ಇರಲಿ. ಇಷ್ಟರಲ್ಲಿ ನಾಲ್ಕೈದು ಚಿತ್ರಗಳಲ್ಲಿ ಉಲ್ಕೆ ಸಿಕ್ಕರೆ ಅದು ಯಶಸ್ವಿ ರಾತ್ರಿ.

ಒಂದು ಮಾತು ಗಮನಿಸಿ. ಹೆಚ್ಚು ಹೊತ್ತು ತೆರೆದಿಟ್ಟರೆ ಉಲ್ಕೆ ಹೆಚ್ಚು ಪ್ರಕಾಶವಾಗಿ ಬರುವುದಿಲ್ಲ. ಉಲ್ಕೆ ಕ್ಷಣಾರ್ಧದಲ್ಲಿ ಓಡಿಹೋಗುತ್ತದೆ, ತೆರೆದೇ ಇರುವ ಶಟರಿನಲ್ಲಿ ಆಮೇಲೆ ತುಂಬಿಕೊಳ್ಳುವುದು ಊರಿನ ದೀಪಗಳ ಬೆಳಕು ಮಾತ್ರ. ಉಲ್ಕೆಯನ್ನು ಹಿಡಿಯುವುದು ಕಿಂಡಿಯ ಅಗಲ ಮತ್ತು ಐಎಸ್‌ಒ. ಹಾಗೆಯೇ ಕ್ಯಾಮೆರಾವನ್ನು ನೇರವಾಗಿ ಮಿಥುನ ರಾಶಿಗೆ ಗುರಿಯಿಡಬೇಡಿ. ಅಲ್ಲಿ ಉಲ್ಕೆಗಳು ನಮ್ಮತ್ತ ಬರುವುದರಿಂದ ಗೆರೆ ಚಿಕ್ಕದಾಗಿ ಕಾಣುತ್ತದೆ. ಅದರಿಂದ ಸುಮಾರು 40-50 ಡಿಗ್ರಿ ಪಕ್ಕಕ್ಕೆ, ಆಕಾಶ ಹೆಚ್ಚು ಕಪ್ಪಾಗಿರುವ ಕಡೆಗೆ ತಿರುಗಿಸಿ. ಒಂದು ಬೇವಿನ ಮರವೋ, ಮಿನಾರೋ, ನೀರಿನ ಟ್ಯಾಂಕೋ ಚಿತ್ರದ ಕೆಳಗೆ ಸೇರಲಿ. ನೋಡಿದವರಿಗೆ ಇದು ನಮ್ಮೂರು ಎಂದು ತಿಳಿಯುತ್ತದೆ.

ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಮೊಬೈಲ್ ಪರದೆಯನ್ನು ಒಮ್ಮೆ ನೋಡಿದರೆ ಆ ಹೊಂದಾಣಿಕೆ ಹಾಳು. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಳ್ಳಿ. ಡಿಸೆಂಬರಿನಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ, ಆಗಾಗ ನೋಡಿ ಮೃದು ಬಟ್ಟೆಯಿಂದ ಒರೆಸಿ. ಒಬ್ಬರೇ ಹೊಲಕ್ಕೆ ಹೋಗಬೇಡಿ. ಹಾವು, ಚೇಳು, ಕಟ್ಟೆಯಿಲ್ಲದ ಬಾವಿ ಎಲ್ಲವೂ ಕತ್ತಲಲ್ಲೇ ಇರುತ್ತವೆ. ಹಗಲಿನಲ್ಲಿ ಜಾಗ ನೋಡಿಕೊಂಡು, ದೊಡ್ಡವರ ಜೊತೆ ಹೋಗಿ. ಮನೆಯ ಚಾವಣಿಯಾದರೆ ಎಲ್ಲಕ್ಕಿಂತ ಒಳ್ಳೆಯದು.

ಉಲ್ಕೆ ಸಿಗದ ರಾತ್ರಿಯೂ ವ್ಯರ್ಥವಲ್ಲ

ಉಲ್ಕೆ ಅದೃಷ್ಟದ ಮಾತು, ನಕ್ಷತ್ರಗಳು ಹಾಗಲ್ಲ. ಡಿಸೆಂಬರ್ ರಾತ್ರಿಯ ಒಂದೇ ಚಿತ್ರದಲ್ಲಿ ನಮ್ಮ ಭಾಷೆಗಳೆಲ್ಲ ಒಟ್ಟಿಗೆ ಸಿಗುತ್ತವೆ. ಕನ್ನಡದವರು ಕೃತ್ತಿಕೆ ಎನ್ನುವ ಗೊಂಚಲೇ ಅರಬಿಯ ಸುರಯ್ಯಾ. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಆ ಹೆಸರಿದೆ! ಅದರ ಹಿಂದೆ ಬರುವ ಕೆಂಬಣ್ಣದ ರೋಹಿಣಿಗೆ ಅಲ್ದೆಬರಾನ್ ಎಂದು ಹೆಸರು, ‘ಹಿಂಬಾಲಿಸುವವನು’ ಎಂದರ್ಥ. ಯಾರನ್ನು? ಸುರಯ್ಯಾಳನ್ನು. ಒರಾಯನ್ನಿನ ಕಾಲಿನ ನಕ್ಷತ್ರ ರೈಜೆಲ್, ಅರಬಿಯ ‘ರಿಜ್ಲ್’ ಅಂದರೆ ಕಾಲು. ಜಗತ್ತಿನ ಎಲ್ಲ ವೀಕ್ಷಣಾಲಯಗಳಲ್ಲೂ ಇವೇ ಹೆಸರುಗಳು ಬಳಕೆಯಲ್ಲಿವೆ. ಅಬ್ದುರ್ರಹ್ಮಾನ್ ಅಲ್-ಸೂಫಿ ಕ್ರಿ.ಶ. 964ರ ಸುಮಾರಿನಲ್ಲಿ ಬರೆದ ನಕ್ಷತ್ರಗಳ ಗ್ರಂಥದಲ್ಲಿ ಒಂದು ‘ಸಣ್ಣ ಮೋಡ’ದ ಉಲ್ಲೇಖವಿದೆ. ಅದೇ ಆಂಡ್ರೊಮೀಡಾ ಗೆಲಾಕ್ಸಿ. ಡಿಸೆಂಬರ್ ಸಂಜೆ ನಿಮ್ಮ ಸಾಧಾರಣ ಕ್ಯಾಮೆರಾದಲ್ಲೂ ಅದು ಮಸುಕಾದ ಮಚ್ಚೆಯಾಗಿ ಬೀಳುತ್ತದೆ. ಅಲ್-ಸೂಫಿಗೆ ಕ್ಯಾಮೆರಾ ಇರಲಿಲ್ಲ, ಕಣ್ಣು ಇತ್ತು, ತಾಳ್ಮೆ ಇತ್ತು.

ಕ್ಯಾಮೆರಾವನ್ನು ಉತ್ತರಕ್ಕೆ ಮಾಡಿ ಎರಡು ಗಂಟೆಯ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸೇರಿಸಿದರೆ ನಕ್ಷತ್ರಗಳು ಧ್ರುವತಾರೆಯ ಸುತ್ತ ಕಮಾನುಗಳಾಗುತ್ತವೆ. ಚಿತ್ರ ಮುದ್ರಿಸಿ ಕೋನಮಾಪಕ ಇಟ್ಟು ಅಳೆಯಿರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಹೀಗಾಗಿ ಎರಡು ಗಂಟೆಗೆ 30 ಡಿಗ್ರಿ ಬರಲೇಬೇಕು. ಧ್ರುವತಾರೆಯ ಎತ್ತರ ಅಳೆದರೆ ಹೆಚ್ಚುಕಡಿಮೆ ನಿಮ್ಮೂರಿನ ಅಕ್ಷಾಂಶ ಸಿಗುತ್ತದೆ. ಬೆಂಗಳೂರಿನಲ್ಲಿ ಸುಮಾರು 13, ರಾಯಚೂರಿನಲ್ಲಿ ಸುಮಾರು 16, ಬೀದರಿನಲ್ಲಿ ಸುಮಾರು 18 ಡಿಗ್ರಿ. ಪುಸ್ತಕದ ವಾಕ್ಯವನ್ನು ತನ್ನ ಕೈಯಿಂದ ಅಳೆದು ನೋಡಿದ ಮಗು ಅದನ್ನು ಮರೆಯುವುದಿಲ್ಲ.

ಸತ್ಯದ ಪ್ರಶ್ನೆ

ಗೆರೆ ಕಂಡಿತು ಎಂದ ಮಾತ್ರಕ್ಕೆ ಅದು ಉಲ್ಕೆಯಾಗುವುದಿಲ್ಲ. ವಿಮಾನವಾದರೆ ಮಿನುಗುವ ದೀಪದಿಂದಾಗಿ ಗೆರೆಯಲ್ಲಿ ಸಮಾನ ದೂರದ ಚುಕ್ಕಿಗಳಿರುತ್ತವೆ. ಉಪಗ್ರಹವಾದರೆ ಗೆರೆ ಬಹುಮಟ್ಟಿಗೆ ಒಂದೇ ದಪ್ಪವಾಗಿದ್ದು, ಮುಂದಿನ ಚಿತ್ರದಲ್ಲೂ ಮುಂದುವರಿಯುತ್ತದೆ. 2019ರಿಂದ ಒಂದರ ಹಿಂದೊಂದು ಹೋಗುವ ಉಪಗ್ರಹಗಳ ಸಾಲುಗಳೂ ಕಾಣಿಸತೊಡಗಿವೆ. ಉಲ್ಕೆ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿರುತ್ತದೆ, ಎರಡೂ ತುದಿಗಳಲ್ಲಿ ಸಣ್ಣದಾಗಿ ನಡುವೆ ದಪ್ಪವಾಗಿರುತ್ತದೆ, ಎಷ್ಟೋ ಸಲ ಒಂದು ಕಡೆ ಹಸಿರು ಛಾಯೆ ಇರುತ್ತದೆ. ಪತ್ರಿಕೆಗಳಲ್ಲಿ ಒಂದೇ ಚಿತ್ರದಲ್ಲಿ ಇಪ್ಪತ್ತು ಮೂವತ್ತು ಉಲ್ಕೆಗಳು ಸುರಿಯುವುದನ್ನು ನೋಡಿರುತ್ತೀರಿ. ಅವು ರಾತ್ರಿಯಿಡೀ ತೆಗೆದ ಚಿತ್ರಗಳನ್ನು ಸೇರಿಸಿ ಮಾಡಿದವು. ಹಾಗೆ ಸೇರಿಸಿದ್ದೇವೆ ಎಂದು ಕೆಳಗೆ ಬರೆದರೆ ಅದು ಕಲೆ, ಬರೆಯದಿದ್ದರೆ ಸುಳ್ಳು.

ನಮ್ಮ ಶಾಲೆಯ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಜೆಮಿನಿಡ್ ರಾತ್ರಿ ಅಣ್ಣನ ಹಳೆಯ ಮೊಬೈಲನ್ನು ಚಾವಣಿಯ ನೀರಿನ ಟ್ಯಾಂಕಿಗೆ ಆನಿಸಿಟ್ಟು ಚಿತ್ರಗಳನ್ನು ತೆಗೆದಳು. ನಡುರಾತ್ರಿ ಹೆಣ್ಣುಮಗುವಿಗೆ ಚಾವಣಿಯ ಮೇಲೇನು ಕೆಲಸ ಎಂದು ತಂದೆ ಮೊದಲು ಒಪ್ಪಿರಲಿಲ್ಲ. ತಾಯಿ ಜೊತೆಗೆ ಕೂರುತ್ತೇನೆ ಎಂದ ಮೇಲೆ ಸುಮ್ಮನಾದರು. ಮರುದಿನ ಅವಳು ಎರಡು ಚಿತ್ರ ತಂದಳು. ಎರಡರಲ್ಲೂ ಗೆರೆ. ತರಗತಿಯ ಹುಡುಗರು ‘ಎಡಿಟ್ ಮಾಡಿದ್ದು’ ಎಂದು ನಕ್ಕರು. ಅವಳು ಅಳಲಿಲ್ಲ, ಜಗಳವಾಡಲೂ ಇಲ್ಲ. ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದಳು. ನಕ್ಷತ್ರಗಳು ಚಿತ್ರದಿಂದ ಚಿತ್ರಕ್ಕೆ ಸ್ವಲ್ಪ ಸ್ವಲ್ಪ ಪಶ್ಚಿಮಕ್ಕೆ ಸರಿದಿದ್ದವು. ಗೆರೆ ಮಾತ್ರ ನಡುವಿನ ಒಂದರಲ್ಲೇ ಇತ್ತು. ನಕ್ಕವರು ಸುಮ್ಮನಾದರು. ನಂತರ ಎರಡನೇ ಗೆರೆಯನ್ನು ತೋರಿಸುವಾಗ ಅವಳೇ ನಿಂತಳು. ಅದರ ಮುಂದುವರಿಕೆ ಮುಂದಿನ ಚಿತ್ರದ ಮೂಲೆಯಲ್ಲಿ ಇತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಅವಳು ತನ್ನ ನೋಟ್‌ಬುಕ್ ತೆಗೆದು, ‘ಉಲ್ಕೆ 2’ ಎಂದು ಬರೆದಿದ್ದನ್ನು ಹೊಡೆದುಹಾಕಿ ‘ಉಲ್ಕೆ 1, ಉಪಗ್ರಹ 1’ ಎಂದು ಬರೆದಳು. ಹದಿನಾಲ್ಕು ವರ್ಷದ ಹುಡುಗಿ, ತನ್ನ ಸಾಕ್ಷಿಯನ್ನು ತಾನೇ ಪರೀಕ್ಷಿಸಿ, ತನಗೆ ನಷ್ಟವಾದರೂ ಸತ್ಯವನ್ನೇ ಬರೆದಳು. ಇಲ್ಮ್ ಎಂದರೆ ಇದಲ್ಲದೆ ಬೇರೇನು? ಮರುವಾರ ಅವಳ ತಂದೆಯೇ ಚಾರ್ಪಾಯಿಯನ್ನು ಚಾವಣಿಗೆ ಹೊತ್ತು ಹಾಕಿದರಂತೆ.

ಹಿರಿಯರಲ್ಲಿ ಕೋರಿಕೆ

ಆ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಅವಳಿಗೆ ವಿಜ್ಞಾನ ಓದುವ ಆಸೆ. ಹತ್ತಿರದ ಪದವಿಪೂರ್ವ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲ. ಇರುವ ಕಾಲೇಜಿಗೆ ಹೋಗಲು ಬೆಳಿಗ್ಗೆ ಒಂದು ಬಸ್ಸು, ಕತ್ತಲಾದ ಮೇಲೆ ವಾಪಸ್ ಒಂದು ಬಸ್ಸು. ಚಾವಣಿಗೆ ಚಾರ್ಪಾಯಿ ಹೊತ್ತ ತಂದೆಗೂ ಆ ಬಸ್ಸಿನ ವಿಷಯದಲ್ಲಿ ಧೈರ್ಯ ಬಂದಿಲ್ಲ. ಅವರನ್ನು ನಾನು ದೂರುವುದಿಲ್ಲ. ಆದರೆ ಇಂಥ ಮಕ್ಕಳು ಹತ್ತನೇ ತರಗತಿಯ ನಂತರ ಸದ್ದಿಲ್ಲದೆ ನಿಂತುಹೋಗುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಉಲ್ಕೆಯಾದರೂ ನಾವು ನೋಡುವಷ್ಟು ಹೊತ್ತು ಬೆಳಗುತ್ತದೆ. ಇವರು ಯಾರ ಕಣ್ಣಿಗೂ ಬೀಳದೆ ಹೋಗುತ್ತಾರೆ.

ಆದ್ದರಿಂದ ಸಂಸ್ಥೆಯ ಮುಂದೆ ಮೂರು ಕೋರಿಕೆಗಳು. ಒಂದು, ವಿಜ್ಞಾನ ಓದಬಯಸುವ ಹೆಣ್ಣುಮಕ್ಕಳಿಗಾಗಿ ಕಾಲೇಜು ಇರುವ ಊರಿನಲ್ಲಿ ಒಂದು ಸುರಕ್ಷಿತ ವಸತಿಯ ವ್ಯವಸ್ಥೆ ಮಾಡಿ. ಹತ್ತು ಮಂಚಗಳಿದ್ದರೂ ಸಾಕು, ಆರಂಭವಾಗಲಿ. ಎರಡು, ಪ್ರತಿಭಾ ಪುರಸ್ಕಾರದ ಶಾಲು, ಫಲಕಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಒಂದು ಬಳಸಿದ ಕ್ಯಾಮೆರಾ ಮತ್ತು ಎರಡು ಟ್ರೈಪಾಡ್ ಕೊಂಡು ಗ್ರಂಥಾಲಯದಲ್ಲಿಡಿ. ಪುಸ್ತಕದಂತೆ ಶಾಲೆಗಳು ಅವನ್ನು ಎರವಲು ಪಡೆಯಲಿ. ಮೂರು, ಡಿಸೆಂಬರ್ 13ರ ರಾತ್ರಿ ತಾಯಂದಿರ ಸಮೇತ ಮಕ್ಕಳನ್ನು ಸೇರಿಸಿ. ಮೊಹಲ್ಲಾದ ಅನಗತ್ಯ ದೀಪಗಳನ್ನು ಎರಡು ಗಂಟೆ ಆರಿಸಲು ಅಕ್ಕಪಕ್ಕದವರನ್ನು ಒಪ್ಪಿಸಿ.

ಹಾಗೆ ಸೇರಿದರೆ ಒಂದು ಪ್ರಯೋಗವನ್ನೂ ಮಾಡಬಹುದು. 1798ರಲ್ಲಿ ಜರ್ಮನಿಯ ಗೊಟ್ಟಿಂಗೆನ್‌ನಲ್ಲಿ ಬ್ರಾಂಡೆಸ್ ಮತ್ತು ಬೆನ್ಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆ ಜಾಗಗಳಲ್ಲಿ ನಿಂತು ಒಂದೇ ಉಲ್ಕೆಯನ್ನು ಗುರುತಿಸಿಕೊಂಡರು. ಅದು ನಕ್ಷತ್ರಗಳ ನಡುವೆ ಇಬ್ಬರಿಗೂ ಬೇರೆ ಬೇರೆ ಕಡೆ ಕಂಡಿತ್ತು. ಆ ವ್ಯತ್ಯಾಸದಿಂದ ತ್ರಿಕೋನ ಕಟ್ಟಿ ಉಲ್ಕೆಗಳ ಎತ್ತರವನ್ನು ಲೆಕ್ಕ ಹಾಕಿದರು. ಅವರು ವಿದ್ಯಾರ್ಥಿಗಳು, ಅವರ ಬಳಿ ಕ್ಯಾಮೆರಾ ಸಹ ಇರಲಿಲ್ಲ. ನಮ್ಮ ಸಂಸ್ಥೆಯ ಎರಡು ಶಾಲೆಗಳು 40 ಕಿಲೋಮೀಟರ್ ಅಂತರದಲ್ಲಿವೆ. ಎರಡೂ ಕಡೆ ಕ್ಯಾಮೆರಾದ ಗಡಿಯಾರವನ್ನು ಸೆಕೆಂಡಿನವರೆಗೆ ಸರಿಹೊಂದಿಸಿ, ಆಕಾಶದ ಒಂದೇ ಭಾಗಕ್ಕೆ ತಿರುಗಿಸಿಟ್ಟರೆ ನಮ್ಮ ಹತ್ತನೇ ತರಗತಿಯ ತ್ರಿಕೋನಮಿತಿಯಿಂದಲೇ ಉಲ್ಕೆಯ ಎತ್ತರದ ಅಂದಾಜು ಸಿಗುತ್ತದೆ. ಒಂದು ಶಾಲೆಯಲ್ಲಿ ಹುಡುಗಿಯರು, ಇನ್ನೊಂದರಲ್ಲಿ ಹುಡುಗರು. ಎರಡೂ ಕಡೆಯ ಚಿತ್ರ ಸೇರಿದರೆ ಮಾತ್ರ ಉತ್ತರ ಬರುತ್ತದೆ.

ಮಕ್ಕಳೇ, ನಿಮಗೆ ಕೊನೆಯ ಮಾತು. ಕ್ಯಾಮೆರಾ ಸಿಗುವವರೆಗೆ ಕಾಯಬೇಡಿ. ಇಂದು ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾರೀಖು, ಸಮಯ, ಜಾಗ, ದಿಕ್ಕು, ಕಂಡದ್ದು. ಐದು ಕಾಲಂ ಎಳೆಯಿರಿ. ಏನೂ ಕಾಣದಿದ್ದರೆ ‘ಏನೂ ಕಾಣಲಿಲ್ಲ’ ಎಂದೇ ಬರೆಯಿರಿ, ಅದೂ ಒಂದು ಮಾಹಿತಿ. ಕ್ಯಾಮೆರಾ ಬಂದ ದಿನ ಎಲ್ಲಿಗೆ ತಿರುಗಿಸಬೇಕು ಎಂಬುದು ನಿಮಗೆ ಆಗಲೇ ಗೊತ್ತಿರುತ್ತದೆ.